ಅರ್ಧ ಸ್ವರ ಕೆಳಗೆ

ಪಾರ್ಮಾದ ಒಪೆರಾ ಮಂದಿರದಲ್ಲಿ ಹಾಡುವವರಿಗೆ ಹೆದರಿಕೆಯೆಲ್ಲ ಮೇಲ್ತುದಿಯ ಗ್ಯಾಲರಿಯದ್ದೇ. ಕೆಳಗೆ ಮಖಮಲ್ ಕುರ್ಚಿಯಲ್ಲಿ ಕೂತವರು ಮರ್ಯಾದೆಗಾದರೂ ಚಪ್ಪಾಳೆ ತಟ್ಟುತ್ತಾರೆ. ಮೇಲಿನವರು ಹಾಡು ತಪ್ಪಿದರೆ ಶಿಳ್ಳೆ ಹಾಕಿ ಅವಮಾನಿಸುತ್ತಾರೆ. ಅವರಿಗೂ ಅನುಮಾನ ಬಂದರೆ ಇಸೊಲೀನಾ ಟೀಚರ ಕಡೆ ತಿರುಗುವುದು ವಾಡಿಕೆ. ನಲವತ್ತು ವರ್ಷ ಭೌತಶಾಸ್ತ್ರ ಕಲಿಸಿದ ಆಕೆಯ ಕೈಚೀಲದಲ್ಲಿ ಸದಾ ಒಂದು ಶ್ರುತಿಕವೆ, ತಟ್ಟಿದರೆ ಒಂದೇ ಸ್ವರ ಹೊರಡಿಸುವ ಉಕ್ಕಿನ ಕವಲು, ಇರುತ್ತಿತ್ತು.

ಈ ಸಂಜೆಯ ನಾಯಕ ರುಜ್ಜೇರೊ ಶಾಲೆಯಲ್ಲಿ ಆಕೆಯದೇ ಶಿಷ್ಯ. ಹುಟ್ಟೂರಿನಲ್ಲಿ ಇದು ಅವನ ಮೊದಲ ಒಪೆರಾ. ಟೀಚರಿಗೆಂದು ಅವನು ಕೆಳಗಿನ ಖಾಸಗಿ ಬಾಲ್ಕನಿಯ ಟಿಕೆಟ್ಟು ಕಳಿಸಿದ್ದ. ಅಲ್ಲಿ ಕೂತವರು ತೀರ್ಪು ಕೊಡುವ ಪದ್ಧತಿಯಿಲ್ಲ. ಉಡುಗೊರೆಯ ಒಳಗುಟ್ಟು ತಿಳಿದ ಆಕೆ ನಗುತ್ತಲೇ ಅದನ್ನು ಹಿಂದಿರುಗಿಸಿ, ಎಂದಿನಂತೆ ಗ್ಯಾಲರಿಯಲ್ಲೇ ಕೂತಿದ್ದರು. ಆದರೆ ಈಗ, ಎಲ್ಲರೂ ಕಾದಿದ್ದ ಆ ಹಾಡು ಶುರುವಾಗುತ್ತಿದ್ದಂತೆ, ಹಿಂದಿರುಗಿಸಬಾರದಿತ್ತೇನೋ ಅನ್ನಿಸಿತು.

ತುದಿಯ ಸ್ವರ ಎಟುಕದೆಂಬ ಅಂಜಿಕೆ ಇರುವವರು ಇಡೀ ಹಾಡನ್ನೇ ಅರ್ಧ ಸ್ವರ ಇಳಿಸಿಕೊಳ್ಳುವುದುಂಟು. ವಾದ್ಯದವರೂ ಜೊತೆಗೇ ಇಳಿಯುವುದರಿಂದ ಬರಿಯ ಕಿವಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ಟೀಚರ್ ಶ್ರುತಿಕವೆಯನ್ನು ಮಂಡಿಗೆ ತಟ್ಟಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರು. ಪಿಟೀಲುಗಳು ಬಂದು ನಿಂತ ಸ್ವರ ಕವೆಯ ಸ್ವರದೊಂದಿಗೆ ಬೆರೆಯಬೇಕಿತ್ತು. ಬೆರೆಯಲಿಲ್ಲ, ಗರಗರ ಉಜ್ಜಿತು.

ಹುಡುಗ ಹಾಡಿದ್ದು ಮಾತ್ರ ಜೇನಿನ ಹಾಗಿತ್ತು.

ಹಾಡು ಮುಗಿದಾಗ ಕೆಳಗೆಲ್ಲ ಚಪ್ಪಾಳೆ, ಮೇಲೆ ಮೌನ. ಹಂದಿ ತೊಡೆಗೆ ಉಪ್ಪು ಹಚ್ಚುವ ಕಸುಬಿನ ಎರ್ಮೆಸ್, ಗ್ಯಾಲರಿಯ ಶಿಳ್ಳೆಗಾರರ ಮುಂದಾಳು, ಆಕೆಯ ಕಡೆ ಬಾಗಿದ.

"ಏನ್ ಟೀಚರಮ್ಮ, ಇಳಿಸಿದ್ದಾನಾ?"

ಇಲ್ಲ ಅಂದುಬಿಟ್ಟರೆ ಹುಡುಗ ಉಳಿಯುತ್ತಿದ್ದ. ಆದರೆ ನಾಳೆಯಿಂದ ತನ್ನ ಕಿವಿಯನ್ನು ತಾನೇ ನಂಬುವುದು ಹೇಗೆ?

"ಇಳಿಸಿದ್ದಾನೆ. ಅರ್ಧ ಸ್ವರ."

ಎರ್ಮೆಸನ ಎರಡು ಬೆರಳು ತುಟಿಗೆ ಹೋದವು. ಟೀಚರ್ ಅವನ ಮಣಿಕಟ್ಟು ಹಿಡಿದರು.

"ಕೇಳ್ದೆ, ಹೇಳ್ದೆ. ಶಿಳ್ಳೆ ಹೊಡಿ ಅಂತ ನಾನಂದ್ನಾ? ಅಂಥ ಗಂಟಲು ಅವನದು, ಇನ್ನೊಂದ್ಸಲ ಹಾಡ್ಸು. ಸರಿಯಾದ ಎತ್ತರದಲ್ಲಿ."

ಎರ್ಮೆಸ್ ಬೆರಳು ಇಳಿಸಿದ. ಆಮೇಲೆ ಎದ್ದು, ಸಂತೆಯಲ್ಲಿ ಕೂಗುವ ದನಿಯಲ್ಲಿ ಕರೆದ: "ರುಜ್ಜೇರೊ, ಚೆನ್ನಾಗಿತ್ತು ಕಣಪ್ಪ. ಈಗ ಇನ್ನೊಮ್ಮೆ, ಇಳಿಸ್ದೆ ಹಾಡು. ಟೀಚರಮ್ಮ ಇಲ್ಲೇ ಕೂತಿದ್ದಾರೆ."

ಇಡೀ ಮಂದಿರ ನಕ್ಕಿತು. ರುಜ್ಜೇರೊ ಕಿವಿಯವರೆಗೂ ಕೆಂಪಾಗಿ ತಾನೂ ನಕ್ಕುಬಿಟ್ಟ, ಭುಜ ಸಡಿಲವಾಯಿತು. ವಾದ್ಯವೃಂದದ ನಿರ್ದೇಶಕ ಅವನತ್ತ ನೋಡಿದ. ರುಜ್ಜೇರೊ ಹೂಂ ಎಂದು ತಲೆಯಾಡಿಸಿದ. ವಾದ್ಯದವರು ಅಡಿಯಲ್ಲಿಟ್ಟಿದ್ದ, ಮೂಲ ಎತ್ತರದ ಸ್ವರಲಿಪಿಯ ಹಾಳೆಗಳನ್ನು ಮೇಲೆ ತೆಗೆದರು.

ಈ ಸಲ ಪಿಟೀಲುಗಳ ಸ್ವರ ಕವೆಯ ಸ್ವರದಲ್ಲಿ ಕರಗಿಹೋಯಿತು. ತುದಿಯ ಸ್ವರಕ್ಕೆ ರುಜ್ಜೇರೊ ಏರಿದ. ಸ್ವರ ಒಂಚೂರು ನಡುಗಿತು, ನಿಂತಿತು, ಅಗಲವಾಗಿ ತೆರೆದುಕೊಂಡಿತು.

"ಹೇಗೆ ಟೀಚರಮ್ಮ?" ಎಂದ ಎರ್ಮೆಸ್.

"ನಿಂಗೇನು ಕಿವಿ ಇಲ್ವಾ?" ಎನ್ನುತ್ತ ಆಕೆ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.