ಎಲ್ಲರಿಗೂ ಒಂದೇ ಸಲ

ದೆಹಲಿಯ ವಸಂತ್ ಕುಂಜ್‌ನ ಪೊನ್ನಣ್ಣ ಸೇನೆ ಬಿಟ್ಟರೂ ಸಂದೇಶ ಸಾಗಿಸುವ ಸಿಗ್ನಲ್ಸ್ ದಳದ ಅಧಿಕಾರಿಯ ಗತ್ತು ಅವನನ್ನು ಬಿಟ್ಟಿರಲಿಲ್ಲ. ಕೊಡವ ಸಂಘದ ಕಾರ್ಯದರ್ಶಿಯಾದದ್ದೇ ತಡ, ಪುಕ್ಕಟೆ ಇಮೇಲ್ ನಮಗೆ ಶೋಭೆಯಲ್ಲವೆಂದು ಸಂಘದ್ದೇ ಹೆಸರಿನಲ್ಲಿ ಮೇಲ್ ಕಳಿಸುವ ಸರ್ವರ್ ಹಾಕಿಸಿದ. ಅದರಿಂದ ಹೋಗಬೇಕಿದ್ದ ಮೊದಲ ಕರೆಯೋಲೆ, ತೀರಿಹೋದ ಹವಾಲ್ದಾರ್ ಪೆಮ್ಮಯ್ಯನ ವರ್ಷದ ಸ್ಮರಣೆಯದು.

ಸಂಘದ ಕಂಪ್ಯೂಟರ್ ಕೆಲಸಕ್ಕೆ ನೆರವಾಗುತ್ತಿದ್ದ ಜೀವಿತಾ ಮೊದಲೇ ಹೇಳಿದಳು. "ಅಂಕಲ್, ಹೊಸ ಸರ್ವರನ್ನ ದೊಡ್ಡ ಮೇಲ್ ಕಂಪನಿಗಳು ನಂಬಲ್ಲ. ದಿನಾ ಸ್ವಲ್ಪ ಜನಕ್ಕೆ ಕಳಿಸಿ. ಒಟ್ಟಿಗೆ ಕಳಿಸಿದ್ರೆ ಕಳ್ಳರು ಅಂತ ಬಾಗಿಲು ಹಾಕ್ತಾರೆ."

"ಅಚ್ಛಾ? ಒಬ್ಬರಿಗೆ ಇವತ್ತು, ಇನ್ನೊಬ್ಬರಿಗೆ ನಾಳೆ ಕರೆ ಹೋದ್ರೆ ನಮ್ಮವರು ಸುಮ್ಮನಿರ್ತಾರಾ? ಕೊನೆಗೆ ಕರೆದ್ರು ಅಂತ ಮುನಿಸ್ಕೋತಾರೆ."

ಆ ಮಾತೇನೂ ಸುಳ್ಳಲ್ಲ ಬಿಡಿ. ಕರೆ ತಡವಾಯಿತೆಂದು ಮದುವೆಗೇ ಬಾರದ ನೆಂಟರು ಯಾರ ಮನೆಯಲ್ಲಿಲ್ಲ? ಪೊನ್ನಣ್ಣ ಇಡೀ ಸಂಘಕ್ಕೆ ಒಂದೇ ಸಲ ಕಳಿಸಿದ. ಸಂದೇಶ ಮುಟ್ಟಿತೇ ಎಂದು ಕೇಳುವುದು ಸಿಗ್ನಲ್ಸ್‌ನವನ ಮೊದಲ ಪಾಠ. ಮಹಾರಾಯ ಅದನ್ನೇ ಮರೆತ.

ಭಾನುವಾರ ಚಾಣಕ್ಯಪುರಿಯ ಸಭಾಂಗಣದಲ್ಲಿ ಬರೀ ಕುರ್ಚಿಗಳು. ಪೆಮ್ಮಯ್ಯನ ಹೆಂಡತಿ ಚೋಂದಮ್ಮ ಘಾಜಿಯಾಬಾದ್‌ನಿಂದ ಮೆಟ್ರೋದಲ್ಲಿ ಗಂಡನ ಫೋಟೋ ತಂದು, ಹಾರ ಹಾಕಿ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಪೊನ್ನಣ್ಣನಿಗೆ ಪಿತ್ತ ನೆತ್ತಿಗೇರಿತು.

"ಎಲ್ಲರಿಗೂ ಹೇಳಿದ್ದೀನಿ ಅಕ್ಕ. ನಮ್ಮ ಜನಕ್ಕೆ ಸತ್ತವರ ನೆನಪೇ ಇಲ್ಲ."

"ಹೋಗ್ಲಿ ಬಿಡಿ," ಎಂದಳು ಚೋಂದಮ್ಮ. "ಅವರು ಎಷ್ಟು ಜನರ ಕಷ್ಟಕ್ಕೆ ಓಡಿ ಹೋಗಿದ್ರು. ಯಾರಿಗೂ ಬೇಡವಾದ್ರು."

ಅಷ್ಟರಲ್ಲಿ ಮೂಲೆಯಲ್ಲಿ ನಿಂತು ಸರ್ವರಿನ ಅಂಚೆಪೆಟ್ಟಿಗೆಯನ್ನು ಫೋನಿನಲ್ಲಿ ತೆರೆದಿದ್ದ ಜೀವಿತಾ ಅವನ ಬಳಿ ಬಂದು ಮೆಲ್ಲಗೆ ಹೇಳಿದಳು. "ಅಂಕಲ್, ನೀವು ಕಳಿಸಿದ ಮೇಲ್ ಎಲ್ಲಾ ವಾಪಸ್ ಬಂದಿದೆ. ಆ ಕಂಪನಿಗಳು ಒಂದನ್ನೂ ಒಳಗೆ ಬಿಟ್ಟಿಲ್ಲ."

ಪೊನ್ನಣ್ಣನ ಕಿವಿ ಬಿಸಿಯಾಯಿತು. ಥೂ, ಇಂಥ ನಾಚಿಕೆಗೇಡು ಅವನ ಜನ್ಮದಲ್ಲಿ ಆಗಿರಲಿಲ್ಲ. ಈಗ ಇದನ್ನು ಹೇಳದೆ ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ಬೈಸಿಕೊಂಡವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಆದರೆ ಚೋಂದಮ್ಮ ಹಾರ ತೆಗೆದು ಫೋಟೋವನ್ನು ಚೀಲಕ್ಕಿಳಿಸುತ್ತಿದ್ದಳು.

"ಅಕ್ಕ, ತಪ್ಪು ನಂದು. ಅವರಿಗೆ ಕರೆಯೇ ಮುಟ್ಟಿಲ್ಲ. ಈ ಹುಡುಗಿ ಬುದ್ಧಿ ಹೇಳಿದ್ಲು, ನಾನು ಕೇಳಲಿಲ್ಲ. ಸುಮ್ಮನೆ ಜನರನ್ನ ಬೈದೆ."

ಚೋಂದಮ್ಮನ ಕೈ ಚೀಲದಲ್ಲೇ ನಿಂತಿತು. "ಅಂದ್ರೆ, ಯಾರೂ ಬೇಕಂತ ಬಿಟ್ಟಿದ್ದಲ್ಲ?"

"ಅಲ್ಲ ಅಕ್ಕ."

ಆಕೆ ಕಣ್ಣೊರೆಸಿಕೊಂಡಳು. "ದೊಡ್ಡ ಉಪಕಾರ ಆಯ್ತು ಪೊನ್ನಣ್ಣ, ಹೇಳಿದ್ರಲ್ಲ," ಎಂದು ಅವನಿಗೆ ಕೈಮುಗಿದಳು.

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಮುಗಿದ ಆ ಕೈಗಳನ್ನು ನೋಡಲಾಗದೆ ಪೊನ್ನಣ್ಣ ತಲೆ ತಗ್ಗಿಸಿದ.