ಮೊದಲ ನೋಟಕ್ಕೆ ಪದ್ಮಾವತಿ ಹೇಳಿದ್ದು

"ಅಕ್ಕಾರ, ನೋಡಿದ ಕೂಡ್ಲೇ ನಿಮಗ ಏನನಿಸ್ತು, ಅದನ್ನಷ್ಟ ಹೇಳ್ರಿ. ಬಣ್ಣ ಹಚ್ಚಬ್ಯಾಡ್ರಿ," ಎಂದು ಮಲ್ಲೇಶ ತನ್ನ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪದ್ಮಾವತಿಯ ಮುಖವೂ ಕಂಪ್ಯೂಟರಿನ ಪರದೆಯೂ ಕಾಣುವ ಹಾಗೆ ಓರೆಯಾಗಿ ನಿಲ್ಲಿಸಿದ. "ಲೈವ್ ಶುರುವಾತು. ಮುನ್ನೂರು ಮಂದಿ ಕುಂತಾರ."

ಪದ್ಮಾವತಿ ನೆಟ್ಟಗೆ ಕೂತಳು. ಮುನ್ನೂರು ಮಂದಿ! ಮಸ್ಕಿಯಲ್ಲಿ ಆಕೆಯ ಮದುವೆಗೂ ಅಷ್ಟು ಜನ ಬಂದಿರಲಿಲ್ಲ.

ಮಲ್ಲೇಶನಿಗೆ ಹೊಸದು ಅಂದರೆ ಮುಗಿಯಿತು, ಊಟ ಬೇಡ, ನಿದ್ದೆ ಬೇಡ. ಸಿಂಧನೂರಿನ ತಹಶೀಲ್ ಕಚೇರಿಯ ಎದುರು ಮಹಡಿಯ ಮೇಲಿನ ಟೈಪಿಂಗ್ ಅಂಗಡಿ ಅವನ ಹೊಟ್ಟೆಗೆ. ಕಂಪ್ಯೂಟರ್ ಸುದ್ದಿಯ ಚಾನೆಲ್ಲು ಅವನ ಚಟಕ್ಕೆ. ಬರುವ ವರ್ಷ ಎಲ್ಲರ ಕೈಗೂ ಬರಲಿರುವ ಆಪರೇಟಿಂಗ್ ಸಿಸ್ಟಮ್ಮಿನ ಪರೀಕ್ಷೆಯ ಪ್ರತಿಯನ್ನು ಇಳಿಸಿಕೊಂಡು, ಹಿಂದಿನ ದಿನ ಸಂಜೆ ಅಂಗಡಿಯ ಟೈಪಿಸ್ಟ್ ಪದ್ಮಾವತಿ ತನ್ನೂರು ಮಸ್ಕಿಯ ಬಸ್ಸು ಹತ್ತಿದ ಮೇಲೆ ಆಕೆಯ ಕಂಪ್ಯೂಟರಿಗೇ ಹಾಕಿಬಿಟ್ಟಿದ್ದ. ತನ್ನದಕ್ಕೆ ಹಾಕಿಕೊಳ್ಳಲಿಲ್ಲ ನೋಡಿ! ಬೆಳಿಗ್ಗೆ ಆಕೆ ಬಂದ ಕೂಡಲೇ, ಇದರಲ್ಲಿ ಇನ್ನೂ ಕನ್ನಡ ಬಂದಿಲ್ಲ, ಎಲ್ಲ ಇಂಗ್ಲಿಷಿನಲ್ಲೇ ಇದೆ, ನಿಮಗೇನು ತೊಂದರೆ ಬಿಡಿ ಎಂದು ನಕ್ಕಿದ್ದ.

ತೊಂದರೆ ಏನೆಂಬುದು ಪದ್ಮಾವತಿಗೆ ಮಾತ್ರ ಗೊತ್ತಿತ್ತು. ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಡಿ ಅಕ್ಷರಗಳ ಗುರುತು ಸಿಗುತ್ತಿತ್ತು, ಕೂಡಿಸಿದರೆ ಗೋಡೆ. ಕನ್ನಡದಲ್ಲಿ ಆಕೆಯ ಬೆರಳು ಓಡಿದ ಹಾಗೆ ಇಡೀ ತಾಲ್ಲೂಕಿನಲ್ಲಿ ಯಾರದ್ದೂ ಓಡುತ್ತಿರಲಿಲ್ಲ. ಉಳಿದದ್ದೆಲ್ಲ ಲೆಕ್ಕ. ಮೇಲಿನ ಸಾಲಿನಲ್ಲಿ ಎಡದಿಂದ ಮೂರನೆಯದು ಒತ್ತಿದರೆ ಉಳಿಯುತ್ತದೆ, ಐದನೆಯದು ಒತ್ತಿದರೆ ಅಚ್ಚಾಗುತ್ತದೆ. ಹತ್ತೊಂಬತ್ತು ವರ್ಷ ಹೀಗೆಯೇ ನಡೆದಿತ್ತು. ಇಂಗ್ಲಿಷ್ ಅರ್ಜಿ ಬಂದರೆ "ಕನ್ನಡಕ ಮನ್ಯಾಗ ಬಿಟ್ಟು ಬಂದೀನ್ರಿ" ಅಂದು ಮಲ್ಲೇಶನ ಕಡೆ ತಳ್ಳಿದರಾಯಿತು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದ ಮಗಳು ಮೇಘಾಳಿಗೂ ಈ ಗುಟ್ಟು ಹೇಳಿರಲಿಲ್ಲ.

ಈಗ ಪರದೆಯ ಮೇಲೆ ಹಳೆಯ ಸಾಲೂ ಇಲ್ಲ, ಹಳೆಯ ಲೆಕ್ಕವೂ ಇಲ್ಲ. ಎಡಮೂಲೆಯಲ್ಲಿದ್ದದ್ದು ನಡುವಿಗೆ ಬಂದು ಕೂತಿತ್ತು. ಮಧ್ಯಾಹ್ನ ಮಲ್ಲೇಶ ಟೈಪು ಮಾಡುವ ಹಾಳೆ ತೆರೆದು ಕೊಟ್ಟಿದ್ದಕ್ಕೆ, ವಳಕಮದಿನ್ನಿಯ ಸುಭಾನಬಿಯ ತಕರಾರು ಅರ್ಜಿ ಒಂದೂವರೆ ಪುಟ ಆಗಿತ್ತು. ಮನೆಯ ಜಾಗ ಬೇರೆಯವರ ಹೆಸರಿಗೆ ಏರುತ್ತಿದೆ, ತಕರಾರು ಕೊಡಲು ಇವತ್ತೇ ಕೊನೆಯ ದಿನ, ಐದಕ್ಕೆ ಕಚೇರಿ ಬಂದ್. ಆ ಒಂದೂವರೆ ಪುಟವನ್ನು ಉಳಿಸಿಡುವುದು ಎಲ್ಲಿ ಎಂದು ತಿಳಿಯದೆ ಪದ್ಮಾವತಿ ಹಾಗೇ ಬಿಟ್ಟಿದ್ದಳು. ಸುಭಾನಬಿ ಪಕ್ಕದ ಸ್ಟೂಲಿನ ಮೇಲೆ ಕೂತು ತಸಬಿಯ ಜಪಮಣಿ ಎಣಿಸುತ್ತಿದ್ದಳು.

"ಹೇಳ್ರಿ ಅಕ್ಕಾರ, ಮೇಲೆ ಏನು ಬರ್ದಾರ, ಓದ್ರಿ," ಎಂದ ಮಲ್ಲೇಶ.

"ಬಣ್ಣ... ಬಣ್ಣ ಛಲೋ ಐತ್ರಿ," ಎಂದಳು. "ಅಕ್ಷರ ಸಣ್ಣ ಅದಾವು. ಕನ್ನಡಕ..."

"ಕನ್ನಡಕ ಮೂಗಿನ ಮ್ಯಾಲೇ ಐತಲ್ರಿ!"

ಅಷ್ಟರಲ್ಲಿ ಕೆಳಗೆ ಹಾರ್ನುಗಳು ಬೊಬ್ಬೆ ಹೊಡೆದವು. "ಯಾವನ್ಲೇ ಗಾಡಿ ಅಡ್ಡ ಇಟ್ಟಾವ!" ಎಂದು ಆಟೋದವನೊಬ್ಬ ಕಿರುಚಿದ. ಅದು ಮಲ್ಲೇಶನದೇ ಗಾಡಿ. "ನೀವು ಮಾತಾಡ್ತಿರ್ರಿ, ಬಂದೆ," ಎಂದವನೇ ದಡದಡ ಮೆಟ್ಟಿಲು ಇಳಿದ.

ಅವನು ಇಳಿದದ್ದೇ ತಡ, ಪರದೆಯ ನಡುವೆ ಒಂದು ಕಪ್ಪು ಚೌಕ ಎದ್ದಿತು. ಅದರೊಳಗೆ ನಾಲ್ಕು ಸಾಲು ಇಂಗ್ಲಿಷು, ಕೆಳಗೆ ಎರಡು ಗುಂಡಿ, ಮೇಲೆ ಅಂಕಿ. ಅಂಕಿ ಓದಲು ಬರುತ್ತಿತ್ತು. ಐದು ನಿಮಿಷ ಇದ್ದದ್ದು ನಾಲ್ಕು ಐವತ್ತೆಂಟು, ಐವತ್ತೇಳು. ಹಿಂದಿದ್ದ ಅರ್ಜಿ ಮಸುಕಾಗಿತ್ತು.

ಇದೇನೆಂದು ಪದ್ಮಾವತಿಗೆ ಗೊತ್ತಿತ್ತು. ಅಂಕಿ ಸೊನ್ನೆಗೆ ಬಂದರೆ ಕಂಪ್ಯೂಟರ್ ಆರಿ ಮತ್ತೆ ಹತ್ತುತ್ತದೆ, ಉಳಿಸದೇ ಇದ್ದದ್ದು ಹೋಗುತ್ತದೆ. ಇದನ್ನು ಹಳೆಯದರಲ್ಲೂ ಕಂಡಿದ್ದಳು, ಅಲ್ಲಿ ಎಡಗಡೆಯದನ್ನು ಒತ್ತಿದರೆ ನಿಲ್ಲುತ್ತಿತ್ತು. ಕೈ ಎಡಕ್ಕೆ ಹೋಯಿತು, ಬೆಂಕಿ ಮುಟ್ಟಿದ ಹಾಗೆ ಹಿಂದೆ ಬಂತು. ಇಲ್ಲಿ ಎಲ್ಲವೂ ಜಾಗ ಬದಲಿಸಿವೆ. ಎಡ ಯಾವುದೋ, ಬಲ ಯಾವುದೋ!

"ಮಲ್ಲೇಶಾ!" ಎಂದು ಕೂಗಿದಳು. ಹಾರ್ನಿನಲ್ಲಿ ಆ ಕೂಗು ಮುಳುಗಿಹೋಯಿತು.

"ಕ್ಯಾ ಹುವಾ ಅಮ್ಮಾ? ನನ್ನ ಕಾಗದಕ್ಕ ಏನರ ಆತೇನ?" ಸುಭಾನಬಿ ತಸಬಿ ಬಿಟ್ಟು ಎದ್ದಳು. ಮೂರು ದಿನ ಕಚೇರಿ ಅಲೆದ ಮುದುಕಿ, ನಿನ್ನೆಯಿಂದ ಪದ್ಮಾವತಿಯೊಬ್ಬಳನ್ನೇ ನಂಬಿ ಕೂತಿದ್ದವಳು.

ಚೌಕದ ಅಂಕಿ ಮೂರು ನಲವತ್ತಕ್ಕೆ ಇಳಿಯಿತು. ಕಚೇರಿ ಮುಚ್ಚಲು ಅರ್ಧ ತಾಸೂ ಇರಲಿಲ್ಲ, ಒಂದೂವರೆ ಪುಟವನ್ನು ಮತ್ತೆ ಟೈಪು ಮಾಡುವಷ್ಟು ಹೊತ್ತು ಉಳಿದಿರಲಿಲ್ಲ. ಪದ್ಮಾವತಿ ಮೊಬೈಲಿನ ಕಡೆ ನೋಡಿದಳು. ಅಲ್ಲಿ ಮುನ್ನೂರು ಜನರಿದ್ದಾರೆ, ಎಲ್ಲರಿಗೂ ಓದಲು ಬರುತ್ತದೆ. ಕೇಳಿದರೆ ಹೇಳುತ್ತಾರೆ, ಕೇಳಿದರೆ ಗುಟ್ಟೂ ತಿಳಿದುಹೋಗುತ್ತದೆ. ನಾಳೆ ಮಲ್ಲೇಶ ಕುರ್ಚಿ ಬಿಡು ಅಂದರೆ? ಮಸ್ಕಿಯಲ್ಲಿ ಮಂದಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರೆ? ಎಲ್ಲಕ್ಕಿಂತ ಹೆಚ್ಚಾಗಿ, ಮೇಘಾ ನೋಡುತ್ತಿದ್ದಾಳೆ. ಖಾಲಿ ಪಿರಿಯಡ್ ಇದೆ, ನೋಡ್ತೀನವ್ವಾ ಎಂದು ಬೆಳಿಗ್ಗೆಯೇ ಹೇಳಿದ್ದಳು.

ಸುಭಾನಬಿ ಆಕೆಯ ತೋಳು ಹಿಡಿದುಕೊಂಡಳು.

"ನೋಡಿದ ಕೂಡ್ಲೇ ಏನನಿಸ್ತು ಅಂತ ಕೇಳಿದ್ರಲ್ಲ," ಎಂದಳು ಪದ್ಮಾವತಿ ಮೊಬೈಲಿಗೆ. "ಅಂಜಿಕಿ ಆಗೇತ್ರಿ. ನನಗ ಇಂಗ್ಲಿಷ್ ಓದಾಕ ಬರಂಗಿಲ್ರಿ. ಎಂದೂ ಬಂದಿಲ್ಲ. ಈ ಹಿರೇಮನುಷ್ಯಾಳ ಅರ್ಜಿ ಹೋಗತೈತ್ರಿ, ಯಾವುದು ಒತ್ತಲಿ, ಯಾರರ ಹೇಳ್ರಿ."

ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊಬೈಲಿನ ಪರದೆಯ ತುಂಬ ಅಕ್ಷರಗಳು ಪುಟಪುಟ ಏರತೊಡಗಿದವು. ಎಲ್ಲ ಇಂಗ್ಲಿಷ್ ಲಿಪಿಯಲ್ಲೇ. ಅಯ್ಯೋ ನನ್ನ ಕರ್ಮವೇ!

ಅಂಕಿ ಒಂದು ಐವತ್ತಕ್ಕೆ ಇಳಿದಾಗ ಚೀಲದೊಳಗೆ ಆಕೆಯ ಫೋನು ಬಡಿದುಕೊಂಡಿತು. ಮೇಘಾ.

"ಅವ್ವಾ, ಅಳಬ್ಯಾಡ. ಎರಡು ಗುಂಡಿ ಅದಾವಲ್ಲ, ಎಡಗಡೀದು ಮುಟ್ಟಬ್ಯಾಡ. ಬಲಗಡೀದು ಒತ್ತು."

ಒತ್ತಿದಳು. ಕಪ್ಪು ಚೌಕ ಮಾಯವಾಯಿತು. ಅರ್ಜಿ ಬಿಟ್ಟಲ್ಲಿಗೇ ನಿಂತಿತ್ತು, ಸುಭಾನಬಿಯ ಗಂಡ ಬಾಬುಸಾಬನ ಹೆಸರಿನ ನಡುವೆ.

"ಈಗ ಉಳಿಸಬೇಕು. ಹಾಳಿ ಮ್ಯಾಲೆ ಸಣ್ಣ ಸಣ್ಣ ಚಿತ್ರ ಅದಾವು ನೋಡು. ಎಡದಿಂದ ಎಣಿಸು. ಆರನೇದು."

ಪದ್ಮಾವತಿಯ ಕೈ ನಿಂತಿತು. "ಮೇಘಾ, ಎಣಿಸೋದು ನಿನಗ ಯಾರು ಹೇಳಿದ್ರು?"

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. "ಸಾಲಿ ಸೂಟಿ ಇದ್ದಾಗ ನಿನ್ನ ಬಾಜೂಕ ಕುಂದ್ರತಿದ್ನೆಲ್ಲವ್ವಾ. ನಿನ್ನ ತುಟಿ ಅಲ್ಲಾಡ್ತಿದ್ವು."

"ಮತ್ತ ಓದಾಕ ಬರಂಗಿಲ್ಲ ಅನ್ನೋದು?"

"ನಾಲ್ಕನೇ ಕ್ಲಾಸಿನ್ಯಾಗ ನಾ ಒಬ್ಬಾಕಿನ ಕೈ ಕಚ್ಚಿದ್ದೆ. ಟೀಚರ್ ಇಂಗ್ಲಿಷಿನಾಗ ದೂರು ಬರ್ದು ಕಳಿಸಿದ್ರು. ನೀ ಓದಿದಂಗ ಮಾಡಿ, ಭೇಷ್ ನನ್ನ ಮಗಳ ಅಂತ ಬೆನ್ನು ಚಪ್ಪರಿಸಿ ಸಹಿ ಹಾಕಿದ್ದಿ."

ಪದ್ಮಾವತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ! "ಹೇಳಬಾರದಿತ್ತೇನ?"

"ನೀ ಅಂಜತಿದ್ದಿ," ಎಂದಳು ಮೇಘಾ. "ಆರನೇದು, ಅವ್ವಾ. ಎಣಿಸು."

ಮೆಟ್ಟಿಲಿನ ಮೇಲೆ ಮಲ್ಲೇಶನ ಹೆಜ್ಜೆಯ ಸಪ್ಪಳವಾಯಿತು. ಪದ್ಮಾವತಿ ಪರದೆಗೆ ಬೆರಳು ಹಚ್ಚಿ, ಬಾಯಿ ಬಿಟ್ಟು ಎಣಿಸತೊಡಗಿದಳು. ಮೂರಕ್ಕೆ ಬರುವಷ್ಟರಲ್ಲಿ ಸುಭಾನಬಿಯೂ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಆಕೆಯ ಜೊತೆ ಎಣಿಸಲು ಕೂತಳು.