ಎಂಟು ಕಾಲಿನ ಮೇಜು

ದುಗ್ಗು ಮರಗೆಲಸಕ್ಕೆ ಕೈ ಹಾಕಿ ಮೂವತ್ತೊಂದು ವರ್ಷವಾಗಿತ್ತು, ಅದರಲ್ಲಿ ಹದಿನೇಳು ವರ್ಷ ಕತಾರಿನಲ್ಲಿ. ಉಮ್ಮ್ ಸಲಾಲಿನ ಅವನ ವರ್ಕ್‌ಶಾಪಿನಿಂದ ಹೊರಬಿದ್ದ ಯಾವ ಮೇಜಿನಲ್ಲೂ ಕೂದಲು ನುಸುಳುವಷ್ಟು ಸಂದು ಇರಲಿಲ್ಲ. ಅಂಥವನ ಹತ್ತಿರ ಸಂದು ಇರುವ ಮೇಜೇ ಬೇಕೆಂದು ಗಿರಾಕಿ ಬಂದರೆ ತಲೆ ಬಿಸಿಯಾಗದೆ ಇರುತ್ತದೆಯೇ?

ಗಿರಾಕಿ ಅಮೆರಿಕದ ಹೆಂಗಸು, ಹೆಸರು ಲೊವೀನಾ. ದುಗ್ಗುವಿನ ಹೆಂಡತಿ ಜ್ಯೋತ್ಸ್ನಾ ಯಾವ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೋ ಅದೇ ಶಾಲೆಯಲ್ಲಿ ಅವಳು ಟೀಚರು. ಅವಳಿಗೆ ಎರಡು ಮೇಜು ಬೇಕಿತ್ತು. ಎರಡರ ಎತ್ತರವೂ ಒಂದೇ ಇರಬೇಕು. ಪಕ್ಕ ಪಕ್ಕ ಇಟ್ಟು ಮೇಲೆ ಒಂದೇ ಬಟ್ಟೆ ಹಾಸಿದರೆ ನೋಡುವವರಿಗೆ ಒಂದೇ ಮೇಜು ಅನ್ನಿಸಬೇಕು, ಆದರೆ ಒಂದಕ್ಕೊಂದು ತಾಗಬಾರದು.

“ಎಂತ ಹುಚ್ಚು ಮಾರಾಯ್ತಿ ಇದು? ದೊಡ್ಡದು ಒಂದು ಮಾಡಿದ್ರೆ ಆಯ್ತಲ್ಲ?” ಎಂದ ದುಗ್ಗು.

“ಹುಚ್ಚಲ್ಲ ಮಾರ್ರೆ. ಅವರ ಅಮ್ಮ ಬರ್ತಿದ್ದಾರೆ. ಅವರು ಆಮಿಶ್ ಜನ,” ಎಂದಳು ಜ್ಯೋತ್ಸ್ನಾ. ಲೊವೀನಾ ಸ್ಟಾಫ್‌ರೂಮಿನಲ್ಲಿ ತನಗೆ ಹೇಳಿದ್ದನ್ನೆಲ್ಲ ಅವಳು ಗಂಡನಿಗೆ ಬಿಡಿಸಿ ಹೇಳಿದಳು.

ಆಮಿಶರು ಅಮೆರಿಕದಲ್ಲೇ ಇದ್ದು ಅಮೆರಿಕದ ಹಾಗೆ ಬದುಕದ ಕ್ರೈಸ್ತರು. ಮನೆಗೆ ಕರೆಂಟಿನ ತಂತಿ ಎಳೆಸುವುದಿಲ್ಲ, ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಫೋನು ಇಟ್ಟರೂ ಅಂಗಳದಾಚೆ ಒಂದು ಗೂಡಿನಲ್ಲಿ. ಯಂತ್ರ ಮುಟ್ಟಿದರೆ ಪಾಪ ಅಂತೇನಲ್ಲ. ಹೊಸದೊಂದು ಬಂದಾಗ ಅವರು ಕೇಳುವುದು ಇಷ್ಟೇ: ಇದು ನಮ್ಮನ್ನು ಒಟ್ಟಿಗೆ ಇಡುತ್ತದೋ, ಬೇರೆ ಮಾಡುತ್ತದೋ? ಬೇರೆಯವರ ಕಾರಿನಲ್ಲಿ ಕೂರಬಹುದು, ಸ್ವಂತದ್ದು ಇಟ್ಟುಕೊಳ್ಳಬಾರದು, ಇಟ್ಟುಕೊಂಡರೆ ಮಕ್ಕಳು ದೂರ ಹೋಗುತ್ತಾರೆ. ಓದು ಎಂಟನೆಯ ತರಗತಿಗೆ ಮುಗಿಯುತ್ತದೆ. ಬೆಳೆದ ಮೇಲೆ ಸಭೆಯ ಮುಂದೆ ನಿಂತು, ಸಾಯುವ ತನಕ ಹೀಗೇ ಬಾಳುತ್ತೇನೆಂದು ತಾವೇ ಮಾತು ಕೊಡಬೇಕು. ಕೊಡುವ ಮೊದಲೇ ಬಿಟ್ಟು ಹೋದವರನ್ನು ಯಾರೂ ಹೊರಗಿಡುವುದಿಲ್ಲ. ಕೊಟ್ಟು ಹೋದರೆ ಮಾತ್ರ ಕಷ್ಟ. ಉಳಿದವರು ಅವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ, ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಲೊವೀನಾ ಹತ್ತೊಂಬತ್ತಕ್ಕೆ ಮಾತು ಕೊಟ್ಟಿದ್ದಳು. ಇಪ್ಪತ್ತಮೂರಕ್ಕೆ ಓದಬೇಕೆಂದು ಹೊರಟುಬಿಟ್ಟಳು. ಅದಾಗಿ ಹನ್ನೆರಡು ವರ್ಷ.

“ಇಷ್ಟೆಲ್ಲ ಇದ್ದು ವಿಮಾನದಲ್ಲಿ ಮಾತ್ರ ಬರ್ಲಿಕ್ಕೆ ಆಗ್ತದಾ?” ಎಂದು ದುಗ್ಗು ಕೊಂಕು ತೆಗೆದ.

“ಲೊವೀನಾಗೆ ಮೊನ್ನೆ ಹೊಟ್ಟೆ ಆಪರೇಷನ್ ಆಯ್ತಲ್ಲ, ಅದಕ್ಕೆ ಅಲ್ಲಿಯ ಹಿರಿಯರು ಒಂದು ಸಲಕ್ಕೆ ಒಪ್ಪಿದ್ದಂತೆ. ಹತ್ತು ದಿನಕ್ಕೆ. ಫೋಟೋ ತೆಗೆಸಿಕೊಳ್ಳದ ಜನ ಅವರು. ಪಾಸ್‌ಪೋರ್ಟಿಗೆ ಬೇಕು ಅಂತ ಆ ಅಮ್ಮ ಈ ಪ್ರಾಯದಲ್ಲಿ ಮೊದಲನೇ ಸಲ ಫೋಟೋಕ್ಕೆ ಕೂತದ್ದು.”

ದುಗ್ಗುವಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಬೇರೆ ಕೂರಿಸಿ ಬಡಿಸುವುದು ಅಂದರೆ ಏನೆಂದು ಅವನಿಗೆ ಗೊತ್ತಿತ್ತು. ಹದಿನಾರರ ಪ್ರಾಯದಲ್ಲಿ ಕಾರ್ಕಳದ ಹತ್ತಿರದ ದೊಡ್ಡ ಮನೆಯೊಂದಕ್ಕೆ ಹನ್ನೆರಡು ಜನ ಕೂರುವ ಊಟದ ಮೇಜು ಮಾಡಲು ಹೋಗಿದ್ದ. ತಿಂಗಳುಗಟ್ಟಲೆ ಉಜ್ಜಿ ಫಳಫಳ ಅನ್ನಿಸಿದ ಮೇಜು ಒಳಗೆ ಹೋಯಿತು. ಅವನಿಗೆ ಎಲೆ ಹಾಕಿದ್ದು ಹೊರಗೆ, ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ. ಅರ್ಧಕ್ಕೇ ಎಲೆ ಮಡಚಿ ಎದ್ದಿದ್ದ. ಹೆತ್ತ ಮಗಳನ್ನೇ ಬೇರೆ ಕೂರಿಸುವ ತಾಯಿಗೆ ತನ್ನ ಕೈಯಿಂದ ಮೇಜು ಹೋಗಬೇಕೇ? ಸಾಧ್ಯವೇ ಇಲ್ಲ ಎಂದು ಅವನು ತೀರ್ಮಾನಿಸಿಬಿಟ್ಟ.

ತೀರ್ಮಾನಿಸಿದ್ದನ್ನು ಹೆಂಡತಿಗೂ ಹೇಳಲಿಲ್ಲ. ಹೇಳಿದ ಹಾಗೆ ಎಂಟು ಕಾಲು ಮಾಡಿದ, ಎರಡು ಮೇಜೂ ಮಾಡಿದ. ಗುರುವಾರ ರಾತ್ರಿ ಲೊವೀನಾ ತಾಯಿಯನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದಾಗ, ಅವಳು ಕೊಟ್ಟಿದ್ದ ಕೀಲಿಯಿಂದ ಮದೀನತ್ ಖಲೀಫಾದ ಅವಳ ಮನೆಗೆ ಹೋಗಿ ಎರಡನ್ನೂ ಜೋಡಿಸಿ, ನಡುವೆ ಆರು ಮರದ ಗೂಟ ಹೊಡೆದು, ಅಂಟು ಹಾಕಿ ಒಂದು ಮಾಡಿಬಿಟ್ಟ. ಮೇಲೆ ಅವಳ ಬಿಳಿ ಬಟ್ಟೆ ಹಾಸಿದ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಜ್ಯೋತ್ಸ್ನಾಳ ಫೋನು ಹೊಡೆದುಕೊಂಡಿತು. ಮಾತು ಮುಗಿಸಿ ಅವಳು ಗಂಡನ ಕಡೆ ತಿರುಗಿದಾಗ ಮುಖ ಕೆಂಪಾಗಿತ್ತು.

“ಎಂತ ಮಾಡಿ ಇಟ್ಟಿದ್ದೀರಿ ನೀವು? ಆ ಅಮ್ಮ ಊಟಕ್ಕೆ ಕೂರುವ ಮೊದಲು ಬಟ್ಟೆ ಅಡಿ ಕೈ ಹಾಕಿ ನೋಡಿದ್ರಂತೆ. ಸಂದು ಇಲ್ಲ. ಎದ್ದು ಹೋಗಿ ಕಿಚನಿನಲ್ಲಿ ನಿಂತುಕೊಂಡಿದ್ದಾರೆ. ಹೀಗೇ ಆದ್ರೆ ಹತ್ತು ದಿನವೂ ಒಬ್ಬರೇ ನಿಂತು ತಿಂದು ಹೋಗ್ತಾರೆ. ಲೊವೀನಾ ಅಳ್ತಿದ್ದಾರೆ.”

“ಅಳಬೇಕಾದ್ದು ಆ ಅಮ್ಮ. ಹೊಟ್ಟೆ ಕೊಯ್ಸಿಕೊಂಡ ಮಗಳ ಜೊತೆ ಉಣ್ಣಲಿಕ್ಕೆ ಸಂದು ನೋಡುವುದಾ?”

“ಸಂದು ಬಿಡ್ಲಿಕ್ಕೆ ಹೇಳಿದ್ದು ಯಾರು ಗೊತ್ತುಂಟಾ? ಅಮ್ಮನೇ. ಕಾಗದ ಬರೆದದ್ದಂತೆ, ಲೊವೀನಾ ಈಗ ಹೇಳಿದ್ರು. ಎರಡು ಮೇಜು ಮಾಡಿಸು, ಎಷ್ಟು ಹತ್ತಿರ ಆಗ್ತದೋ ಅಷ್ಟು ಹತ್ತಿರ ಇಡು ಅಂತ. ಕೊಟ್ಟ ಮಾತೂ ಉಳೀಬೇಕು, ಮಗಳ ಪಕ್ಕವೂ ಕೂರಬೇಕು ಅವರಿಗೆ. ಅದಕ್ಕೇ ಅಷ್ಟು ದೂರದಿಂದ ಬಂದದ್ದು. ನೀವು ಅದನ್ನು ಮುಚ್ಚಿ ಹಾಕಿದ್ರಿ.”

ಕಾರ್ಕಳದ ಆ ದೊಡ್ಡ ಮನೆಯವರು ದುಗ್ಗುವನ್ನು ಎಷ್ಟು ದೂರ ಆಗುತ್ತದೋ ಅಷ್ಟು ದೂರ ಕೂರಿಸಿದ್ದರು. ಈ ತಾಯಿ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಅಂದಿದ್ದಳು. ಎರಡನ್ನೂ ಒಂದೇ ಅಂದುಕೊಂಡ ತನ್ನ ಬುದ್ಧಿಗೆ ಅವನಿಗೇ ನಾಚಿಕೆಯಾಯಿತು. ಎದ್ದು ಹೋಗಿ ಪಿಕಪ್ಪಿನ ಕೀಲಿ ತೆಗೆದುಕೊಂಡ.

“ಯಲ್ಲಾ, ಹೊರಡು,” ಎಂದು ಅರಬರ ಹಾಗೆ ಅವಸರ ಮಾಡಿದ. “ಇವತ್ತಿನ ಊಟ ಅವರು ಒಟ್ಟಿಗೇ ಮಾಡ್ತಾರೆ.”

ಆ ತಾಯಿಗೆ ಎಪ್ಪತ್ತರ ಹತ್ತಿರ ವಯಸ್ಸು. ತಲೆಗೆ ಬಿಳಿ ಟೋಪಿ, ಮೈಗೆ ಕಡು ನೀಲಿ ಬಟ್ಟೆ, ಮೇಲೊಂದು ಕಪ್ಪು ಏಪ್ರನ್. ಅಡುಗೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ಒಂದು ಹೆಜ್ಜೆ ಮುಂದೆ ಬರುವ ಲಕ್ಷಣವೂ ಇರಲಿಲ್ಲ. ದುಗ್ಗು ಅವಳಿಗೂ ಲೊವೀನಾಳಿಗೂ ಕೈ ಮುಗಿದು, ಬಟ್ಟೆ ತೆಗೆದು, ಕೈ ಗರಗಸ ಹಿಡಿದು ಮಂಡಿಯೂರಿದ.

“ಮೆಷಿನ್ ತಂದಿದ್ರೆ ಐದು ನಿಮಿಷದ ಕೆಲಸ ಅಲ್ವಾ?” ಎಂದು ಜ್ಯೋತ್ಸ್ನಾ ಪಿಸುಗುಟ್ಟಿದಳು.

“ಮೆಷಿನಿನ ಅಲಗು ದಪ್ಪ. ಸಂದು ದೊಡ್ಡದಾಗ್ತದೆ.”

ಗರಗಸ ಅಂಟಿನಲ್ಲಿ ಸಿಕ್ಕಿ ಸಿಕ್ಕಿ ಓಡಿತು. ಎರಡನೆಯ ಗೂಟ ಕೊಯ್ಯುವಾಗ ಮೇಜು ಅಲುಗಾಡತೊಡಗಿತು. ಇನ್ನೊಂದು ತುದಿ ಹಿಡಿಯಲು ಜ್ಯೋತ್ಸ್ನಾಳನ್ನು ಕರೆಯಬೇಕೆನ್ನುವಷ್ಟರಲ್ಲಿ ಮೇಜು ನಿಂತಿತು. ತಲೆ ಎತ್ತಿ ನೋಡಿದರೆ ಆ ತಾಯಿ ಎರಡೂ ಕೈ ಊರಿ, ಮೈಭಾರ ಹಾಕಿ ಒತ್ತಿ ಹಿಡಿದಿದ್ದಳು. ಹೇಗೆ ಹಿಡಿಯಬೇಕು, ಯಾವಾಗ ಸಡಿಲ ಬಿಡಬೇಕು ಎಲ್ಲವೂ ಅವಳಿಗೆ ಗೊತ್ತಿತ್ತು. ಅವಳ ಗಂಡನೂ ಮರಗೆಲಸದವನೇ ಅಂತೆ, ಲೊವೀನಾ ಆಮೇಲೆ ಹೇಳಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ಮುಕ್ಕಾಲು ಗಂಟೆ ಸೇರಿ ಕೆಲಸ ಮಾಡಿದರು. ಆರನೆಯ ಗೂಟ ತುಂಡಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ದುಗ್ಗು ಸಂದು ಬಿಟ್ಟು ಕೆಲಸ ಮುಗಿಸಿದ್ದ, ಅದೂ ಗರಗಸದ ಅಲಗಿನಷ್ಟು ಮಾತ್ರ.

ತಾಯಿ ಒಂದು ಕಾಗದವನ್ನು ಸಂದಿಗೆ ಇಳಿಬಿಟ್ಟು ಆ ತುದಿಯಿಂದ ಈ ತುದಿಯವರೆಗೆ ಎಳೆದಳು. ಎಲ್ಲಿಯೂ ತಡೆಯಲಿಲ್ಲ. ತಲೆಯಾಡಿಸಿ, ತಾನೇ ಬಟ್ಟೆ ಹಾಸಿ ಕೂತಳು. ಲೊವೀನಾ ಪಕ್ಕದ ಮೇಜಿನಲ್ಲಿ ಕೂತಳು. ಇಬ್ಬರ ಮೊಣಕೈ ನಡುವೆ ಒಂದು ಗೇಣೂ ಇರಲಿಲ್ಲ. ದುಗ್ಗು, ಜ್ಯೋತ್ಸ್ನಾ ಹೊರಡುತ್ತೇವೆಂದರೆ ಇಬ್ಬರೂ ಬಿಡಲಿಲ್ಲ. ಜ್ಯೋತ್ಸ್ನಾ ಲೊವೀನಾಳ ಪಕ್ಕಕ್ಕೆ ಹೋದಳು. ದುಗ್ಗು ಯಾವ ಕಡೆ ಅಂತ ತಿಳಿಯದೆ, ಕುರ್ಚಿಯನ್ನು ಸಂದಿನ ನೇರಕ್ಕೇ ಎಳೆದುಕೊಂಡು ಎರಡೂ ಮೇಜಿಗೆ ಸೇರಿದವನ ಹಾಗೆ ಕೂತ.

ತಾಯಿ ಮಗಳು ತಲೆ ಬಗ್ಗಿಸಿ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದರು. ಆಮೇಲೆ ಲೊವೀನಾ ಕೋಳಿ ಸೂಪನ್ನು ಬಟ್ಟಲಿಗೆ ಹಾಕಿ ತಾಯಿಯ ಕಡೆ ಚಾಚಿದಳು. ಅರ್ಧಕ್ಕೆ ನೆನಪಾಗಿ ಕೈ ನಿಂತಿತು. ತಾಯಿ ಕೈ ಮಡಿಲಲ್ಲೇ ಇಟ್ಟುಕೊಂಡು ಆ ಬಟ್ಟಲನ್ನೇ ನೋಡುತ್ತಿದ್ದಳು. ದುಗ್ಗುವಿಗೆ ಯಾರೂ ಹೇಳಬೇಕಾಗಲಿಲ್ಲ. ಮಗಳ ಕೈಯಿಂದ ತೆಗೆದುಕೊಂಡು ತಾಯಿಯ ಕೈಗೆ ಕೊಟ್ಟ.

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಿಧಾನವಾಗಿ, ಒಂದು ಹನಿ ಬಿಡದೆ ಕುಡಿದಳು. ಲೊವೀನಾ ತಾನು ಉಣ್ಣದೆ ಅವಳನ್ನೇ ನೋಡುತ್ತಿದ್ದಳು. ಖಾಲಿ ಬಟ್ಟಲನ್ನು ದುಗ್ಗುವಿನ ಕಡೆ ಚಾಚಿ ತಾಯಿ ಆಮಿಶರು ಮನೆಯಲ್ಲಾಡುವ ಜರ್ಮನ್ ನುಡಿಯಲ್ಲಿ ಏನೋ ಅಂದಳು. ಲೊವೀನಾ ಅಳುತ್ತಾ ನಗುತ್ತಾ ಅದನ್ನು ಇಂಗ್ಲಿಷಿಗೆ ತಂದಳು.

“ಎಂತ ಹೇಳ್ತಾರೆ?” ಎಂದ ದುಗ್ಗು.

ಜ್ಯೋತ್ಸ್ನಾ ಕಣ್ಣೊರೆಸಿಕೊಂಡಳು. “ಇವಳು ಉಪ್ಪು ಈಗಲೂ ಕಮ್ಮಿ ಹಾಕ್ತಾಳೆ, ಇನ್ನೊಂದು ಬಟ್ಟಲು ಹಾಕ್ಲಿಕ್ಕೆ ಹೇಳಿ ಅಂತೆ.”